ಅಜ್ಜನ ಫಿಯೆಟ್ ಘಾಟಿ ಇಳಿಯುವ ಮುಂಚೆ

ಪುಟ್ಟಿ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮದುವೆ ಹತ್ತಿರ ಬಂತು. ಸೀರೆ, ಛತ್ರ, ಅಡುಗೆಯವರ ಮಾತಾಡಬೇಕಾದ ಹೊತ್ತಿನಲ್ಲಿ ನಾವಿಬ್ಬರೂ ಅಜ್ಜನ ಹಳೇ ಫಿಯೆಟ್ ಕಾರಿನ ವಿಷಯಕ್ಕೆ ಮಾತು ಬಿಡುವುದು ಬೇಡ. ನಾನು ಜೋರು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಇಬ್ಬರಿಗೂ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊದಲು ಒಂದು ಮಾತು. ನೀನು ಗ್ರೂಪಿಗೆ ಹಾಕಿದ ವಿಡಿಯೊ ನೋಡಿ ನನಗೆ ಅಳು ಬಂತು. 1996ರಲ್ಲಿ ಅಪ್ಪಯ್ಯ, ಅಂದರೆ ನಿನ್ನ ಅಜ್ಜ, ಕಾರನ್ನು ಶೆಡ್ಡಿಗೆ ಹಾಕಿ ಟಾರ್ಪಾಲು ಹೊದಿಸಿದ ಮೇಲೆ ಆ ಎಂಜಿನ್ ಸದ್ದು ಈ ಮನೆಯಲ್ಲಿ ಕೇಳಿರಲಿಲ್ಲ. ಅದನ್ನು ಮತ್ತೆ ಕೇಳಿಸಿದ್ದು ನೀನು. ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಿಬಿಡುವವರೇ ಜಾಸ್ತಿ. ನೀವು ಹಾಗೆ ಮಾಡಲಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಆಯಿಲ್ ಬಿಟ್ಟು, ನೆನೆಯಲು ಬಿಟ್ಟು, ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿದಿರಿ. ಅದೇ ಸರಿ. ಒಣಗಿ ಹಿಡಿದುಕೊಂಡ ಪಿಸ್ಟನ್ ರಿಂಗ್‌ಗಳನ್ನು ಸ್ಟಾರ್ಟರ್ ಮೋಟರಿನಲ್ಲಿ ಎಳೆದರೆ ಸಿಲಿಂಡರ್ ಗೀರಿ ಹಾಳಾಗುತ್ತಿತ್ತು. ಹಳೇ ಪೆಟ್ರೋಲ್ ತೆಗೆದು, ಟ್ಯಾಂಕ್ ಇಳಿಸಿ ತೊಳೆಸಿದ್ದೂ ಒಳ್ಳೆಯದಾಯಿತು. ಅಷ್ಟು ವರ್ಷ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತುಗಳನ್ನು, ಮುಚ್ಚಿಬಿಡುತ್ತದೆ. ಒಂದು ಕೆಲಸ ಬಾಕಿ ಇದೆ, ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಬೆಂಕಿಯೇ.

ಈಗ ನಾನು ಕೂಗಾಡಿದ ವಿಷಯ. ಎಂಜಿನ್ ಶುರುವಾದ ಖುಷಿಯಲ್ಲಿ ನೀನು ಕಾರನ್ನು ಗೇಟಿನವರೆಗೆ ಓಡಿಸಿದೆ. ವಿಡಿಯೊದಲ್ಲಿ ಕೊನೆಗೆ ಆ ಮೆಕ್ಯಾನಿಕ್ ಹುಡುಗ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಎಲ್ಲರೂ ನಗುತ್ತೀರಿ. ನಾನು ನಗಲಿಲ್ಲ ಪುಟ್ಟಿ. ಬ್ರೇಕ್ ಇಲ್ಲದ ಗಾಡಿಯಲ್ಲಿ ನೀನು ಕೂತಿದ್ದೆ. ಅದರ ಮೇಲೆ, ಇದೇ ಕಾರಿನಲ್ಲಿ ಆಗುಂಬೆ ಇಳಿದು ಉಡುಪಿಯ ಛತ್ರದ ಬಾಗಿಲಲ್ಲಿ ಇಳಿಯುತ್ತೇನೆ ಅಂದೆ.

ನನಗೆ ಆಗ ಹತ್ತೋ ಹನ್ನೊಂದೋ ವರ್ಷ. ಮಳೆಗಾಲ. ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು, ಅಮ್ಮ ಹಿಂದೆ, ನಾನು ಮುಂದಿನ ಉದ್ದ ಸೀಟಿನಲ್ಲಿ ಅಪ್ಪಯ್ಯನ ಪಕ್ಕ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮೇಲಿನ ಕೆಲವು ದಾಟಿದ್ದೆವು. ಅಪ್ಪಯ್ಯ ಬ್ರೇಕ್ ಒತ್ತಿದರು, ಪೆಡಲ್ ಬುಡಕ್ಕೇ ಹೋಯಿತು. ಮತ್ತೆ ಒತ್ತಿದರು. ಮತ್ತೆ. ನಾನು ಅವರ ಪಾದವನ್ನೇ ನೋಡುತ್ತಿದ್ದೆ. ಕರಿ ಚಪ್ಪಲಿ, ಒದ್ದೆಯಾದ ಪಂಚೆಯ ಅಂಚು, ಆ ಪೆಡಲ್ ಏನೂ ತಡೆಯಿಲ್ಲದೆ ಒಳಗೆ ಹೋಗಿ ಬರುತ್ತಿತ್ತು. ಅವರು ಬಾಯಿ ಬಿಡಲಿಲ್ಲ. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎಳೆದು ಮೂರರಿಂದ ಎರಡಕ್ಕೆ ಹಾಕಿದರು, ಎಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಎಳೆದರು. ಆಮೇಲೆ ಗುಡ್ಡದ ಬದಿಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ, ಧರೆಗೆ ಒರೆಸಿಕೊಂಡು ನಿಲ್ಲಿಸಿದರು. ಅಮ್ಮ ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಗುಡ್ಡದ ಬದಿ ಆಗಿದ್ದಕ್ಕೆ ಆಯಿತು. ಮುಂದಿನ ತಿರುವಿನಲ್ಲಿ ಆ ಬದಿಗೆ ಕಣಿವೆ ಇತ್ತು. ಇವತ್ತಿಗೂ ಆ ತಿರುವು ಬಂದಾಗ ನಾನು ಬಸ್ಸಿನಲ್ಲಿ ಕೂತೂ ಕಾಲು ಒತ್ತುತ್ತೇನೆ, ನೀನು ಎಷ್ಟೋ ಸಲ ಕೇಳಿದ್ದೀಯಲ್ಲ, ಕಾಲು ನೋವಾ ಅಂತ.

ಹಿಂದಿನ ಒಂದೇ ಒಂದು ಚಕ್ರದಲ್ಲಿ ಬ್ರೇಕ್ ಸಿಲಿಂಡರಿನ ರಬ್ಬರ್ ಕಪ್ ಸೋರಿತ್ತು, ಅಷ್ಟೇ. ನಿನ್ನ ಈಗಿನ ಕಾರಿನಲ್ಲಿ ಬ್ರೇಕಿಗೆ ಎರಡು ದಾರಿ ಇರುತ್ತದೆ, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ. 1969ರ ಫಿಯೆಟ್ 1100ರಲ್ಲಿ ಹಾಗಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಲೈನ್. ಎಲ್ಲಿ ಸೋರಿದರೂ ನಾಲ್ಕೂ ಹೋದ ಹಾಗೆ. ದಿನಾ ಓಡುತ್ತಿದ್ದ ಗಾಡಿಗೇ ಹೀಗಾಯಿತು ಅಂದರೆ, ಮಲೆನಾಡಿನ ಇಷ್ಟು ಮಳೆಗಾಲ ಶೆಡ್ಡಿನಲ್ಲಿ ನಿಂತ ಗಾಡಿಯ ಗತಿ ಯೋಚನೆ ಮಾಡು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಆ ನೀರಿಗೆ ಪಿಸ್ಟನ್ ತುಕ್ಕು ಹಿಡಿಯುತ್ತದೆ, ಪೈಪು ಒಳಗಿನಿಂದ ತೂತಾಗುತ್ತದೆ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ, ಆಗ ಬ್ರೇಕ್ ಹಿಡಿದರೆ ಬಿಡುವುದೇ ಇಲ್ಲ. ಎಂಜಿನ್ ಶುರುವಾಗುವುದನ್ನು ಎಲ್ಲರೂ ವಿಡಿಯೊ ಮಾಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಬ್ರೇಕ್ ಕೆಲಸಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ನೀನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಲೆದು ಚಕ್ರದ ಬ್ರೇಕ್ ಸಿಲಿಂಡರಿನ ಕಿಟ್ ಹುಡುಕಿ ತಂದಿದ್ದೀಯ ಅಂತ ನಿಮ್ಮ ಅಪ್ಪ ನಿನ್ನೆ ಹೇಳಿದರು. ಅದನ್ನು ನನಗೇ ಹೇಳಬಾರದಿತ್ತಾ? ಎಷ್ಟು ಹೆಮ್ಮೆ ಆಯಿತು ಗೊತ್ತಾ. ಆದರೆ ಕಪ್ ಮಾತ್ರ ಬದಲಿಸಿದರೆ ಸಾಲದು. ಸಿಲಿಂಡರಿನ ಒಳಗೆ ಬೆರಳಾಡಿಸಿ ನೋಡು, ಗುಳಿ ಸಿಕ್ಕಿದರೆ ಸಿಲಿಂಡರನ್ನೇ ಎಸೆದುಬಿಡು. ಪೆಡಲ್ ಒತ್ತಿದಾಗ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರ್, ಸ್ಟೀಲ್ ಪೈಪು, ಹೋಸ್ ಎಲ್ಲ ಹೊಸದೇ ಆಗಲಿ. ಅವಸರದಲ್ಲಿ ಯಾರಾದರೂ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿದಾರು, ಜೋಪಾನ, ರಬ್ಬರೆಲ್ಲ ಊದಿಹೋಗುತ್ತದೆ. ಟಯರಿನ ಹಲ್ಲು ಸವೆದಿಲ್ಲ ಅಂತ ನಂಬಬೇಡ, ಪಕ್ಕದಲ್ಲಿ ಬಿರುಕು ಬಿಟ್ಟಿದೆ, ನಾನೇ ನೋಡಿದ್ದೇನೆ.

ಎಲ್ಲ ಆದ ಮೇಲೆ ಅಂಗಳದಲ್ಲಿ ಓಡಿಸು, ಆಮೇಲೆ ಮಂಡಗದ್ದೆವರೆಗೆ ನಿಧಾನಕ್ಕೆ ಹೋಗಿ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡು. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಅಂತ. ಘಾಟಿಯಲ್ಲಿ ಬ್ರೇಕ್ ತುಳಿದುಕೊಂಡೇ ಇಳಿಯುವವರಿದ್ದಾರೆ, ಡ್ರಮ್ ಕಾದು ಹಿಡಿತವೇ ಹೋಗುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇದು ಕಾರಿಗೆ ಮಾತ್ರ ಅಲ್ಲ, ಎಲ್ಲದಕ್ಕೂ ನೀನು ಸ್ವಲ್ಪ... ಸರಿ, ಬಿಡು. ನಾನು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಅಂತ ಆಗಲೇ ಹೇಳಿದ್ದೀಯ.

ಘಾಟಿ ಬೇಡ ಅಂತ ನನ್ನ ಮನಸ್ಸು ಇನ್ನೂ ಹೇಳುತ್ತಿದೆ. ಕಾರನ್ನು ಲಾರಿಗೆ ಹಾಕಿ ಹುಲಿಕಲ್ ಕಡೆಯಿಂದ ಕುಂದಾಪುರಕ್ಕೆ ಇಳಿಸಿದರೆ, ಅಲ್ಲಿಂದ ಉಡುಪಿಗೆ ಸಪಾಟು ರಸ್ತೆ, ನೀನೇ ಓಡಿಸಬಹುದು. ಯೋಚನೆ ಮಾಡು. ಆಗುಂಬೆಯೇ ಆಗಬೇಕು ಅಂದರೆ ಮಳೆ ಪೂರ್ತಿ ನಿಂತ ಮೇಲೆ, ಬೆಳಗಿನ ಹೊತ್ತು, ಮೊದಲು ಒಂದು ಸಲ ಮದುವೆ ಗಡಿಬಿಡಿ ಇಲ್ಲದಾಗ ಇಳಿದು ನೋಡಬೇಕು.

ಆರ್‌ಸಿ ಪುಸ್ತಕ ಸಿಕ್ಕಿತು, ಅಪ್ಪಯ್ಯನ ಪೆಟ್ಟಿಗೆಯ ತಳದಲ್ಲಿತ್ತು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದಂತೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ಮಾತ್ರ ರಸ್ತೆಗೆ ಇಳಿಸಬಹುದು, ದಿನಬಳಕೆಗೆ ಆಗುವುದಿಲ್ಲ. ನಿನಗೆ ಓಡಿಸುವ ಆಸೆ ಇದ್ದರೆ ಮಾಮೂಲಿ ಆರ್‌ಸಿ ನವೀಕರಣವೇ ಮಾಡಿಸು. ಆರ್‌ಟಿಒದವರು ಗಾಡಿ ನೋಡಿ ಪಾಸು ಮಾಡಬೇಕು, ಇನ್ಶೂರೆನ್ಸ್ ಬೇಕು. ಅದು ಆಗುವ ಮುಂಚೆ ಗೇಟಿನ ಆಚೆ ಹೋಗಬೇಡ.

ಬ್ರೇಕಿನ ಗಾಳಿ ತೆಗೆಯುವ ದಿನ ಮಾತ್ರ ನನಗೆ ಮೊದಲೇ ಹೇಳು. ಅಪ್ಪಯ್ಯ ಗಾಡಿಯಡಿ ಮಲಗಿ ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ಸಡಿಲಿಸುತ್ತಿದ್ದರು, ಪೆಡಲ್ ಮೇಲೆ ನಾನು. ಒತ್ತು, ಹಿಡಿ, ಬಿಡು. ಬಾಟಲಿಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಅದೇ. ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಚಕ್ರದಿಂದ ಶುರು ಮಾಡಿ ಹತ್ತಿರದ ಮುಂದಿನ ಚಕ್ರಕ್ಕೆ ಮುಗಿಸಬೇಕು. ಪೆಡಲ್ ಕಾಲಿಗೆ ಹೇಗೆ ತಡೆಯಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆ ಕೆಲಸಕ್ಕೆ ನಾನೇ ಕೂರುತ್ತೇನೆ, ಬೇರೆಯವರನ್ನು ಕೂರಿಸಬೇಡ.

ಮತ್ತೆ, ನಿನ್ನ ಆಫೀಸಿನ ಕಡೆಯಿಂದ ಎಷ್ಟು ಎಲೆ ಅಂತ ಶನಿವಾರದೊಳಗೆ ತಿಳಿಸು. ಅಡುಗೆಯವರು ಲೆಕ್ಕ ಕೇಳುತ್ತಿದ್ದಾರೆ.

ಅಮ್ಮ