ಸಚಿವರೇ, ನಾವು ಕಟ್ಟಿದ ಗಡಿಯಾರದ ಒಂದು ಪ್ರತಿ ಕೊಡಿಸಿ

ಮಾನ್ಯ ಮಾಹಿತಿ ತಂತ್ರಜ್ಞಾನ ಸಚಿವರೇ,

ನಮಸ್ಕಾರ. ನೀವು ವಿಡಿಯೋ ಗೇಮ್ ಆಡುತ್ತೀರೋ ಇಲ್ಲವೋ ಗೊತ್ತಿಲ್ಲ. ಆಡದಿದ್ದರೂ ಪರವಾಗಿಲ್ಲ. ಆಟದ ಒಳಗೆ ಕೂತು ಜನ ಏನೇನೋ ಕಟ್ಟುತ್ತಾರೆ. ಅದು ಯಾರದು, ಅದನ್ನು ಅವರು ಮನೆಗೆ ತರಬಹುದಾ ಅನ್ನುವುದಷ್ಟೇ ಈ ಪತ್ರದ ವಿಷಯ.

ನಾನು ಮತ್ತು ನನ್ನ ತಂಗಿ ಒಂದು ಆನ್‌ಲೈನ್ ಆಟದಲ್ಲಿ 14 ತಿಂಗಳು ಕೂತು ಒಂದು ರೈಲ್ವೆ ಸ್ಟೇಷನ್ ಕಟ್ಟಿದ್ದೆವು. ಆಟದ ಹೆಸರು, ಕಂಪನಿಯ ಹೆಸರು ಬೇಡ ಬಿಡಿ. ಸ್ಟೇಷನ್ ಏನೂ ದೊಡ್ಡದಲ್ಲ. ಎರಡು ಪ್ಲಾಟ್‌ಫಾರ್ಮ್, ಒಂದು ಟಿಕೆಟ್ ಕೌಂಟರ್, ಮೇಲೊಂದು ಗೋಪುರ. ಗೋಪುರದಲ್ಲಿ ಒಂದು ಗಡಿಯಾರ. ಅದೇ ನಮ್ಮ ಹೆಮ್ಮೆ. ಆ ಆಟದಲ್ಲಿ ಗಡಿಯಾರ ಅನ್ನುವ ವಸ್ತುವೇ ಇರಲಿಲ್ಲ. ಸ್ವಿಚ್ಚು, ತಳ್ಳುವ ಕಲ್ಲು, ಬಾಗಿಲು, ಇಷ್ಟೇ ಇದ್ದದ್ದು. ಅವನ್ನೇ ಜೋಡಿಸಿ ಮುಳ್ಳು ತಿರುಗುವ ಹಾಗೆ ಮಾಡಿದ್ದೆವು. ನಿಮಿಷದ ಮುಳ್ಳು ಒಂದು ಮನೆ ಸರಿಯಬೇಕಾದರೆ ಗೋಡೆಯ ಹಿಂದೆ 60 ಸ್ವಿಚ್ಚುಗಳು ಒಂದಾದ ಮೇಲೊಂದು ಬೀಳಬೇಕಿತ್ತು. ಮೊದಮೊದಲು ಅದು ಗಂಟೆಗೆ ಏಳು ನಿಮಿಷ ಹಿಂದೆ ಬೀಳುತ್ತಿತ್ತು. ತಂಗಿ ಮೂರು ವಾರ ಹುಡುಕಿ, 41ನೇ ಸ್ವಿಚ್ಚು ತಿರುಗುಮುರುಗಾಗಿ ಕೂತಿದೆ ಅಂತ ಕಂಡುಹಿಡಿದಳು. ಆಮೇಲೆ ಎರಡೇ ನಿಮಿಷ ಹಿಂದೆ ಬೀಳತೊಡಗಿತು. ಅದನ್ನು ಸರಿಮಾಡಲು ಕೊನೆಗೂ ಆಗಲಿಲ್ಲ.

ಒಂದು ಸಂಜೆ ಅವಳು ಫೋನ್ ಮಾಡಿದಳು. "ಅಣ್ಣಾ, ನಿಂಗೆ ಲಾಗಿನ್ ಆಗ್ತಿದ್ಯಾ?"

"ಇಲ್ಲ ಕಣೇ. ನೆಟ್ ಸರಿ ಇಲ್ವೇನೋ."

ಎರಡು ದಿನ ಇಬ್ಬರೂ ನಮ್ಮ ನಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿದ್ದೇ ಬಂತು. ಆಮೇಲೆ ಗೊತ್ತಾಯಿತು, ಸರ್ವರ್‌ ಅನ್ನೇ ಮುಚ್ಚಿದ್ದರು. 30 ದಿನ ಮೊದಲು ಇಮೇಲ್ ಕಳಿಸಿದ್ದರಂತೆ. ಅದು ಹೋಗಿದ್ದು ತಂಗಿ ಕಾಲೇಜಿನಲ್ಲಿದ್ದಾಗ ಮಾಡಿಕೊಂಡಿದ್ದ, ಈಗ ತೆರೆಯದ ಒಂದು ಹಳೆಯ ವಿಳಾಸಕ್ಕೆ. ನನ್ನದು ಸ್ಪ್ಯಾಮ್ ಡಬ್ಬಿಯಲ್ಲಿ ಸಿಕ್ಕಿತು. ದಿನಾ ಆಟದ ಒಳಗೇ ಇರುತ್ತಿದ್ದ ನಮಗೆ, ಆಟದ ಒಳಗೆ ಒಂದು ಸಾಲು ಹೇಳಲಿಲ್ಲ. ನಾವು ಕಟ್ಟಿದ್ದರ ಫೈಲ್ ಆದರೂ ಕೊಡಿ ಅಂತ ಬರೆದೆ. ಆಟದ ಒಳಗಿನ ಎಲ್ಲವೂ ಕಂಪನಿಯ ಸ್ವತ್ತು, ನೀವು ಅದಕ್ಕೆ ಒಪ್ಪಿದ್ದೀರಿ ಅನ್ನುವ ಉತ್ತರ ಬಂತು. ನಿಜ, ಒಪ್ಪಿದ್ದೆ. ಎಲ್ಲರ ಹಾಗೆ ಓದದೇ ಬಟನ್ ಒತ್ತಿದ್ದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆಟದಲ್ಲಿ "ನನ್ನದು" ಅಂತ ನಾವು ಕರೆಯುವುದು ಮೂರು ಥರದ್ದಿರುತ್ತದೆ. ದುಡ್ಡು ಕೊಟ್ಟು ಕೊಂಡದ್ದು, ಆಡಿ ಗೆದ್ದದ್ದು, ಕೈಯಾರೆ ಮಾಡಿದ್ದು. ಸುದ್ದಿಯಲ್ಲಿ ಜಗಳ ನಡೆಯುವುದು ಜಾಸ್ತಿ ಮೊದಲನೆಯದರ ಬಗ್ಗೆ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ "ದಿ ಕ್ರೂ" ಅನ್ನುವ ಕಾರ್ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿತು. ದುಡ್ಡು ಕೊಟ್ಟವರ ಕೈಗೆ ಏನೂ ಉಳಿಯಲಿಲ್ಲ. ಅದರಿಂದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿ ಹುಟ್ಟಿತು. ಯುರೋಪಿನಲ್ಲಿ ಅದರ ಮನವಿಗೆ 2025ರಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದ ಒಂದು ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಮಾರುವುದು ಬರೀ ಲೈಸೆನ್ಸ್ ಆದರೆ, ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳದೆ "ಖರೀದಿಸಿ" ಅನ್ನುವ ಬಟನ್ ಹಾಕುವ ಹಾಗಿಲ್ಲ. ಒಳ್ಳೆಯದೇ ಆಯಿತು. ಆದರೆ ನನ್ನ ದೂರು ಮೂರನೆಯದರ ಬಗ್ಗೆ. ನಾನು ಆಟವನ್ನು ಕೇಳುತ್ತಿಲ್ಲ. ಕತ್ತಿ, ಕಿರೀಟ, ನಾಣ್ಯ ಯಾವುದೂ ಬೇಡ. ನಾನು ಮಾಡಿದ್ದರ ಒಂದು ಪ್ರತಿ ಸಾಕು.

"ಇದೆಲ್ಲ ಮಕ್ಕಳಾಟ, ಇದಕ್ಕೆ ಕಾನೂನು ಯಾಕೆ" ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅವರಿಗೆ ಎರಡು ಕಥೆ ಹೇಳಿ. ವಾಲ್ವ್ ಕಂಪನಿಯ "ಹಾಫ್-ಲೈಫ್" ಆಟವನ್ನು ಬದಲಾಯಿಸಿ ಇಬ್ಬರು ಆಟಗಾರರು 1999ರಲ್ಲಿ ಒಂದು ಮಾಡ್, ಅಂದರೆ ಆಟದ ತಿದ್ದಿದ ರೂಪ, ಬಿಟ್ಟರು. ಅದೇ "ಕೌಂಟರ್-ಸ್ಟ್ರೈಕ್". ಮರುವರ್ಷವೇ ವಾಲ್ವ್ ಅದನ್ನು ಕೊಂಡು, ಮಾಡಿದವರನ್ನು ಕೆಲಸಕ್ಕೂ ಸೇರಿಸಿಕೊಂಡಿತು. ಇನ್ನೊಂದು, ಬ್ಲಿಜಾರ್ಡ್ ಕಂಪನಿಯ "ವಾರ್‌ಕ್ರಾಫ್ಟ್ 3". 2002ರಲ್ಲಿ ಬಂದ ಆ ಆಟದ ಜೊತೆಗೇ ಮ್ಯಾಪ್, ಅಂದರೆ ಆಟ ನಡೆಯುವ ಹೊಸ ಜಾಗ, ಮಾಡುವ ಸಲಕರಣೆಯನ್ನೂ ಕೊಟ್ಟಿದ್ದರು. ಅದರಲ್ಲಿ ಆಟಗಾರರು, ಒಬ್ಬರಾದ ಮೇಲೆ ಒಬ್ಬರು, ಸಂಬಳ ಇಲ್ಲದೆ ತಿದ್ದಿ ತೀಡಿ "ಡೋಟಾ" ಅನ್ನುವ ಮ್ಯಾಪ್ ಬೆಳೆಸಿದರು. ಕೊನೆಗೆ ಆ ಹೆಸರು ಯಾರದು ಅಂತ ಎರಡು ದೊಡ್ಡ ಕಂಪನಿಗಳು ಕಿತ್ತಾಡಿ, 2012ರಲ್ಲಿ ರಾಜಿ ಮಾಡಿಕೊಂಡವು. 2013ರಲ್ಲಿ ವಾಲ್ವ್‌ನಿಂದ "ಡೋಟಾ 2" ಬಂತು. 2021ರ ಅದರ ದೊಡ್ಡ ಪಂದ್ಯಾವಳಿಯ ಬಹುಮಾನದ ಮೊತ್ತವೇ 4 ಕೋಟಿ ಡಾಲರ್ ದಾಟಿತ್ತು. ಮಕ್ಕಳಾಟ ಅಂದರೆ ಇದು.

ಬ್ಲಿಜಾರ್ಡ್ ಇದರಿಂದ ಪಾಠ ಕಲಿಯಿತು. ಯಾವ ಪಾಠ ಅಂತ ಕೇಳಿ. 2020ರಲ್ಲಿ "ವಾರ್‌ಕ್ರಾಫ್ಟ್ 3"ರ ಹೊಸ ಆವೃತ್ತಿ ಬಂದಾಗ ಷರತ್ತುಗಳನ್ನೂ ಹೊಸದಾಗಿ ಬರೆಯಿತು: ಆಟಗಾರರು ಮಾಡುವ ಮ್ಯಾಪ್‌ಗಳು ಪೂರ್ತಿಯಾಗಿ ಕಂಪನಿಯ ಸ್ವತ್ತು. ಮಾಡಿದವನ ಹೆಸರು ಹಾಕಿ ಅಂತ ಕೇಳುವ ಹಕ್ಕನ್ನೂ ಬಿಟ್ಟುಕೊಡಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಆ ಗಾದೆಯನ್ನೇ ವಕೀಲರ ಭಾಷೆಯಲ್ಲಿ ಬರೆದ ಹಾಗಿದೆ.

ಎಲ್ಲರೂ ಹೀಗೆ ಅಂತಲ್ಲ. "ಸೆಕೆಂಡ್ ಲೈಫ್" ಅನ್ನುವ ಆನ್‌ಲೈನ್ ಜಗತ್ತನ್ನು ನಡೆಸುವ ಲಿಂಡೆನ್ ಲ್ಯಾಬ್ ಕಂಪನಿ 2003ರಲ್ಲೇ, ಒಳಗೆ ಜನ ಮಾಡುವ ವಸ್ತುಗಳ ಹಕ್ಕು ಮಾಡಿದವರಿಗೇ ಇರುತ್ತದೆ ಅಂತ ಹೇಳಿತು. ಆಮೇಲೆ ಒಬ್ಬ ಬಳಕೆದಾರನ ಅಕೌಂಟ್ ಮುಚ್ಚಿ, ಅವನು ಒಳಗೆ ಕೊಂಡಿದ್ದ ಜಾಗವನ್ನೂ ಕಿತ್ತುಕೊಂಡಾಗ ಅವನು ಅದೇ ಕಂಪನಿಯನ್ನು ಕೋರ್ಟಿಗೆ ಎಳೆದ ಅನ್ನುವುದು ಬೇರೆ ಮಾತು. ಕಾಗದದ ಮೇಲೆ ಹಕ್ಕು ಇದ್ದರೂ ಬಾಗಿಲ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಮುಖ್ಯ, ಅಲ್ವಾ? ಅದಕ್ಕೇ ನಾನು "ಮಾಲೀಕತ್ವ" ಅನ್ನುವ ದೊಡ್ಡ ಪದಕ್ಕೆ ಜೋತು ಬಿದ್ದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲ್ ಇದ್ದರೆ ಅದು ಸಾವಿರ ಹಕ್ಕಿಗೆ ಸಮ.

ನೆದರ್‌ಲ್ಯಾಂಡ್ಸ್‌ನ ಒಂದು ತೀರ್ಪು ನನ್ನ ತಲೆಯಿಂದ ಹೋಗುವುದೇ ಇಲ್ಲ. "ರೂನ್‌ಸ್ಕೇಪ್" ಅನ್ನುವ ಆಟದಲ್ಲಿ ಒಬ್ಬ ಹುಡುಗನ ಹತ್ತಿರ ಒಂದು ಮುಖವಾಡ, ಒಂದು ತಾಯಿತ ಇತ್ತು. ಇಬ್ಬರು ಅವನಿಗೆ ಹೊಡೆದು, ಹೆದರಿಸಿ, ಅವನ ಅಕೌಂಟಿನಿಂದ ಅವನ್ನು ತಮ್ಮ ಕಡೆಗೆ ಹಾಕಿಸಿಕೊಂಡರು. ಅವು ಬರೀ ಪರದೆಯ ಮೇಲಿನ ಚಿತ್ರ, ಕದಿಯಲು ಅಲ್ಲಿ ವಸ್ತುವೇ ಇಲ್ಲ ಅಂತ ಅವರ ಕಡೆಯವರು ವಾದಿಸಿದರು. 2012ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಹುಡುಗ ಅದಕ್ಕೆ ಸಮಯ ಹಾಕಿದ್ದಾನೆ, ಶ್ರಮ ಹಾಕಿದ್ದಾನೆ, ಅವನಿಗೆ ಅದರ ಬೆಲೆ ಇದೆ, ಹಾಗಾಗಿ ಇದು ಕಳ್ಳತನವೇ ಅಂದಿತು. ಅಂದರೆ ಇನ್ನೊಬ್ಬ ಆಟಗಾರ ಕಿತ್ತುಕೊಂಡಾಗ ಶ್ರಮಕ್ಕೆ ಬೆಲೆ ಉಂಟು. ಕಂಪನಿಯೇ ಅಳಿಸಿಹಾಕಿದರೆ ಮಾತ್ರ ಅದು ಷರತ್ತಿನ ಯಾವುದೋ ಒಂದು ಕಲಮು.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. ನೀವು ಎಚ್ಚರ ವಹಿಸಬೇಕಾದ ಜಾಗ ಇಲ್ಲೇ ಇದೆ. ಯುರೋಪಿಯನ್ ಒಕ್ಕೂಟ 2019ರಲ್ಲಿ ಡಿಜಿಟಲ್ ಸರಕು ಮತ್ತು ಸೇವೆಗಳ ಬಗ್ಗೆ ಒಂದು ನಿರ್ದೇಶನ ತಂದಿತು. ಗಿರಾಕಿ ಒಪ್ಪಂದ ಮುರಿದು ಹೊರಗೆ ಬಂದರೆ, ಅವನು ಒಳಗೆ ಮಾಡಿಟ್ಟದ್ದನ್ನು ಕೇಳಿದಾಗ ವಾಪಸ್ ಕೊಡಬೇಕು, ಪುಕ್ಕಟೆ ಕೊಡಬೇಕು, ಕಂಪ್ಯೂಟರ್ ಓದುವ ಹಾಗಿನ ರೂಪದಲ್ಲಿ ಕೊಡಬೇಕು ಅಂತ ಅದರ 16ನೇ ವಿಧಿ ಹೇಳುತ್ತದೆ. ಓದಿ ಕುಣಿಯುವಷ್ಟು ಖುಷಿಯಾಗಿತ್ತು. ಕೆಳಗೆ ವಿನಾಯಿತಿ ಇದೆ. ಆ ಸೇವೆಯ ಹೊರಗೆ ಉಪಯೋಗಕ್ಕೆ ಬಾರದ್ದನ್ನು ಕೊಡಬೇಕಿಲ್ಲ!

ಆಟದ ಹೊರಗೆ ನನ್ನ ಗಡಿಯಾರದಿಂದ ಏನು ಉಪಯೋಗ? ಯಾವ ಲೆವೆಲ್, ಯಾವ ಮ್ಯಾಪ್ ಅದರ ಆಟದ ಹೊರಗೆ ಓಡುತ್ತದೆ? ಕಂಪನಿಯ ವಕೀಲ ಈ ಒಂದು ಸಾಲು ಹಿಡಿದರೆ ಆಟಗಾರ ಕಟ್ಟಿದ್ದೆಲ್ಲವೂ ಆ ಕಿಂಡಿಯಲ್ಲಿ ಸೋರಿಹೋಗುತ್ತದೆ. ಉಪಯೋಗ ಇದೆಯೋ ಇಲ್ಲವೋ ಅನ್ನುವುದನ್ನು ಮಾಡಿದವನು ಹೇಳಬೇಕು. ಇವತ್ತು ಓಡದ ಫೈಲನ್ನು ನಾಳೆ ಯಾರೋ ಓಡಿಸುತ್ತಾರೆ. ಇದು ಬರೀ ಆಸೆಯ ಮಾತಲ್ಲ. "ಲಿಟಲ್ ಬಿಗ್ ಪ್ಲಾನೆಟ್" ಆಟಗಳಲ್ಲಿ ಜನ ಮಾಡಿದ ಲೆವೆಲ್‌ಗಳು ಒಂದು ಕೋಟಿಯ ಆಚೆ ಇದ್ದವು. 2024ರಲ್ಲಿ ಕೊನೆಯ ಸರ್ವರ್‌ಗಳೂ ಹೋದವು. ಯಾರೋ ಅಭಿಮಾನಿಗಳು ಮೊದಲೇ ಇಳಿಸಿಟ್ಟುಕೊಂಡಿದ್ದರಿಂದ ಅವುಗಳಲ್ಲಿ ದೊಡ್ಡ ಪಾಲು ಉಳಿಯಿತು. ಕಾನೂನು ಮಾಡಬೇಕಾದ ಕೆಲಸವನ್ನು ರಾತ್ರಿ ನಿದ್ದೆಗೆಟ್ಟ ನಾಲ್ಕು ಜನ ಮಾಡಿದರು. ನೀವು ಇದಕ್ಕೊಂದು ಕಾನೂನು ಮಾಡುವುದಾದರೆ ಅದರ ಕರಡಿನಲ್ಲಿ ಯುರೋಪಿನ ಆ ವಿಧಿಯನ್ನು ಖಂಡಿತ ಸೇರಿಸಿಕೊಳ್ಳಿ. ಆ ವಿನಾಯಿತಿಯ ಸಾಲನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಇದು ತಾಂತ್ರಿಕವಾಗಿ ಆಗದ ಕೆಲಸ ಅಂತ ಹೇಳುವವರು ಬರುತ್ತಾರೆ. "ಮೈನ್‌ಕ್ರಾಫ್ಟ್" ತೋರಿಸಿ. ಅದರ ಬಾಡಿಗೆ ಸರ್ವರ್‌ನಲ್ಲಿ ಕಟ್ಟಿದ ಇಡೀ ಜಗತ್ತನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಕೋಟಿಗಟ್ಟಲೆ ಜನ ಆಡುವ ಆಟಕ್ಕೆ ಸಾಧ್ಯವಾದರೆ ಉಳಿದವರಿಗೂ ಸಾಧ್ಯ. ಸರ್ವರ್ ನಡೆಸಲು ಖರ್ಚಿದೆ ಅನ್ನುವ ಮಾತು ನಿಜ. ಅದಕ್ಕೇ ಸದಾ ಕಾಲ ನಡೆಸಿ ಅಂತ ನಾನು ಕೇಳುತ್ತಿಲ್ಲ. ಮುಚ್ಚಿ, ಆದರೆ ಆರು ತಿಂಗಳು ಮೊದಲೇ ಹೇಳಿ. ಇಮೇಲ್‌ನಲ್ಲಿ ಹೇಳಿದರೆ ಸಾಲದು, ಆಟ ತೆರೆದ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಹೇಳಿ. ಆ ಆರು ತಿಂಗಳು ಇಳಿಸಿಕೊಳ್ಳುವ ಬಟನ್ ಕೆಲಸ ಮಾಡುತ್ತಿರಲಿ.

ಕಷ್ಟದ ಪ್ರಶ್ನೆಗಳೂ ಇವೆ, ಮುಚ್ಚಿಡುವುದಿಲ್ಲ. ಸ್ಟೇಷನ್ ಕಟ್ಟಿದ್ದು ಇಬ್ಬರು, ಪ್ರತಿ ಯಾರಿಗೆ? ಇಬ್ಬರಿಗೂ ಕೊಡಿ, ಫೈಲ್ ಹಂಚಿದರೆ ಸವೆಯುವುದಿಲ್ಲ. ಇಟ್ಟಿಗೆ ಕಂಪನಿಯದಲ್ಲವಾ? ಹೌದು. ಇಟ್ಟಿಗೆಯ ಚಿತ್ರಗಳನ್ನು ಅವರೇ ಇಟ್ಟುಕೊಳ್ಳಲಿ. ಯಾವ ಇಟ್ಟಿಗೆ ಎಲ್ಲಿ ಕೂತಿತ್ತು ಅನ್ನುವ ಪಟ್ಟಿ ನಮ್ಮದು. ಮೋಸ ಮಾಡಿ ಬ್ಯಾನ್ ಆದವನ ಕಥೆ ಏನು? ಅವನನ್ನು ಆಟದಿಂದ ಹೊರಗೆ ಹಾಕಿ, ಅವನು ಮಾಡಿದ್ದನ್ನು ಕೈಗೆ ಕೊಟ್ಟು ಕಳಿಸಿ. ಕೆಲಸದಿಂದ ತೆಗೆದವನಿಗೂ ಅವನ ಚೀಲ ವಾಪಸ್ ಕೊಡುತ್ತಾರಲ್ಲ? ಕಾನೂನುಬಾಹಿರವಾದದ್ದು ಅದರಲ್ಲಿದ್ದರೆ ಅದನ್ನು ಕೊಡಬೇಕಿಲ್ಲ, ಅಷ್ಟೇ.

ದುಡ್ಡಿನ ವಿಷಯವನ್ನು ನಾನು ಬೇಕೆಂದೇ ದೂರ ಇಟ್ಟಿದ್ದೇನೆ. ಅದರಲ್ಲಿ ನಾವು ಆಟಗಾರರೂ ಸಾಚಾ ಅಲ್ಲ. 2015ರ ಏಪ್ರಿಲ್‌ನಲ್ಲಿ ವಾಲ್ವ್‌ನ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ "ಸ್ಕೈರಿಮ್" ಆಟದ ಮಾಡ್‌ಗಳನ್ನು ಮಾರಲು ಬಿಟ್ಟರು. ಬಂದ ದುಡ್ಡಿನಲ್ಲಿ ಮಾಡಿದವನಿಗೆ 25 ಪರ್ಸೆಂಟ್, ಉಳಿದದ್ದು ಎರಡು ಕಂಪನಿಗಳಿಗೆ. ಪಾಲು ಕಡಿಮೆ ಅಂತ ಸಿಟ್ಟಾದವರಿದ್ದರು. ಆದರೆ ಇಷ್ಟು ದಿನ ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ದುಡ್ಡು ಯಾಕೆ ಕೊಡಬೇಕು ಅಂತ ಕೂಗಿದವರೂ ಕಡಿಮೆ ಇರಲಿಲ್ಲ. ನಾಲ್ಕೇ ದಿನಕ್ಕೆ ಅದನ್ನು ವಾಪಸ್ ತೆಗೆದರು. ಹಾಗಾಗಿ ಯಾರಿಗೆ ಎಷ್ಟು ಪಾಲು ಅನ್ನುವುದು ಬೇರೆಯೇ ಪತ್ರ. ನಾನು ಕೇಳುತ್ತಿರುವ ಫೈಲಿಗೆ ಯಾರೂ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಮಕ್ಕಳ ಬಗ್ಗೆ ಒಂದು ಮಾತು. "ರೋಬ್ಲಾಕ್ಸ್" ಥರದ ಕಡೆ ಆಟಗಳನ್ನು ಮಾಡಿ ಹಾಕುವವರೇ ಬಳಕೆದಾರರು. ಅಲ್ಲಿರುವವರಲ್ಲಿ ದೊಡ್ಡ ಪಾಲು ಮಕ್ಕಳು. ಹನ್ನೆರಡು ವರ್ಷದ ಹುಡುಗಿ "ಒಪ್ಪಿದ್ದೇನೆ" ಅಂತ ಒತ್ತಿದ್ದಕ್ಕೆ, ಅವಳು ಮಾಡಿದ್ದರ ಮೇಲೆ ಜಗತ್ತಿನಾದ್ಯಂತ, ವಾಪಸ್ ಪಡೆಯಲಾಗದ, ಕೊನೆಯೇ ಇಲ್ಲದ ಪರವಾನಗಿ ಕೊಟ್ಟಳು ಅಂತ ಅರ್ಥ ಮಾಡುವುದು ತಮಾಷೆಯ ಹಾಗೆ ಕಾಣುತ್ತದೆ. ಕಾನೂನಿನ ಕಣ್ಣಿಗೆ ಹೇಗೆ ಕಾಣುತ್ತದೋ ನಿಮ್ಮವರನ್ನೇ ಕೇಳಿ ನೋಡಿ.

ನಮ್ಮ ಸ್ಟೇಷನ್ ವಾಪಸ್ ಬರುವುದಿಲ್ಲ ಅಂತ ನನಗೆ ಗೊತ್ತು. ಆ ಡಿಸ್ಕನ್ನು ಯಾವತ್ತೋ ಅಳಿಸಿರುತ್ತಾರೆ. ಉಳಿದಿರುವುದು 11 ಸ್ಕ್ರೀನ್‌ಶಾಟ್. ಪತ್ರದ ಜೊತೆ ಅವನ್ನೂ ಕಳಿಸುತ್ತಿದ್ದೇನೆ. ನಾಲ್ಕನೆಯದರಲ್ಲಿ ಗಡಿಯಾರ ಕಾಣುತ್ತದೆ, ಆದರೆ ಅರ್ಧ ಮುಖವನ್ನು ಚಾಟ್ ಪೆಟ್ಟಿಗೆ ಮುಚ್ಚಿದೆ. ಪೆಟ್ಟಿಗೆಯಲ್ಲಿ ತಂಗಿ ಬರೆದದ್ದು ಇನ್ನೂ ಓದಬಹುದು: "ಅಣ್ಣಾ, ಒಂದು ಗಂಟೆಯಿಂದ ನೋಡ್ತಿದೀನಿ, ಈ ಸಲ ಬರೀ ಎರಡು ನಿಮಿಷ ಹಿಂದೆ."

ಇಂತಿ,
ಒಬ್ಬ ಆಟಗಾರ