ಟವರನ್ನು ಪಕ್ಕಕ್ಕೆ ತಳ್ಳಬೇಡಿ, ಸಾಲಿನಲ್ಲೇ ಸರಿಸಿ: ಕೋಲಾರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಹೈಟೆನ್ಶನ್ ಲೈನಿನ ವಿಷಯ ತಮ್ಮ ಮೇಜಿಗೆ ಬರುವುದು ತಕರಾರಾಗಿಯೇ. ಟವರ್ ಜಾಗ ಬದಲಿಸಿ, ಮಾವಿನ ಮರ ಕಡಿದರು, ಪರಿಹಾರ ಸಾಲದು ಎಂಬ ಅರ್ಜಿಗಳು. ಅವುಗಳಲ್ಲಿ ನ್ಯಾಯವಿದೆ, ಮುಂದೆ ಆ ವಿಷಯಕ್ಕೇ ಬರುತ್ತೇವೆ. ಆದರೆ ಯಾವ ಅರ್ಜಿಯಲ್ಲೂ ಇರದ ಮಾತೊಂದನ್ನು ಮೊದಲು ಹೇಳಬೇಕು. ನಮ್ಮ ಜಿಲ್ಲೆಯ ಟವರ್ ಲೈನುಗಳು ನೋಡಲು ಚೆನ್ನಾಗಿವೆ. ಲೈನ್ ಎಳೆಯುವ, ಕಾಯುವ ಕೆಲಸ ಬಲ್ಲವರಾಗಿ ನಾವು ಇದನ್ನು ಮನಸಾರೆ ಹೇಳುತ್ತಿದ್ದೇವೆ. ಆ ಚಂದ ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ತಮ್ಮ ಕಚೇರಿಯ ತೀರ್ಮಾನಗಳಿಂದ.

ಮುಳಬಾಗಿಲು ಕಡೆಗೆ ಹೆದ್ದಾರಿ 75ರಲ್ಲಿ ಹೋಗುವಾಗ ಎಲ್ಲಾದರೂ ಒಂದು ಲೈನ್ ರಸ್ತೆ ದಾಟುವ ಕಡೆ ಗಾಡಿ ನಿಲ್ಲಿಸಿ, ಇಳಿದು ನೋಡಿ. ಬೆಳಗಿನ ಏಳು ಗಂಟೆಯ ಓರೆ ಬಿಸಿಲಾದರೆ ಒಳ್ಳೆಯದು. ಮೊದಲು ಡಿಸ್ಕುಗಳನ್ನು, ಎಂದರೆ ತಂತಿಯ ಕರೆಂಟು ಟವರಿಗೆ ಹರಿಯದಂತೆ ತಡೆಯುವ, ಸರದಂತೆ ಪೋಣಿಸಿದ ಬಿಲ್ಲೆಗಳನ್ನು ಎಣಿಸಿ. ಒಂದು ಸರದಲ್ಲಿ ಐದಾರು ಇದ್ದರೆ ಲೈನ್ 66 ಕೆ.ವಿ. (ಕಿಲೋವೋಲ್ಟ್, ಎಂದರೆ ಸಾವಿರ ವೋಲ್ಟ್), ಹದಿಮೂರು ಹದಿನಾಲ್ಕು ಇದ್ದರೆ 220, ಇಪ್ಪತ್ತಮೂರರ ಆಸುಪಾಸು ಇದ್ದರೆ 400. ಕಂದು ಬಣ್ಣದ್ದು ಪಿಂಗಾಣಿ, ತಿಳಿಹಸಿರು ಹೊಳೆಯುವುದು ಗಾಜು. ಗಾಜಿನ ಡಿಸ್ಕು ಕೆಟ್ಟರೆ ಪೂರ್ತಿ ಪುಡಿಯಾಗಿ ಉದುರುತ್ತದೆ, ಸರದಲ್ಲಿ ಹಲ್ಲು ಬಿದ್ದಂತೆ ಸಂದು ಕಾಣುತ್ತದೆ. ನೆಲದಿಂದಲೇ ಗೊತ್ತಾಗುತ್ತದೆ. ಪಿಂಗಾಣಿ ಹಾಗಲ್ಲ, ಒಳಗೇ ತೂತು ಬಿದ್ದರೂ ಹೊರಗೆ ಸುಳಿವು ಕೊಡದೆ ನೇತಾಡುತ್ತಿರುತ್ತದೆ.

ಆಮೇಲೆ ಸರಗಳು ನಿಂತ ಭಂಗಿ ನೋಡಿ. ನೇರ ಹಾದಿಯ ಟವರಿನಲ್ಲಿ ಅವು ನೆಟ್ಟಗೆ ಕೆಳಗೆ ತೂಗುತ್ತವೆ. ಅದು ಎ ಟೈಪ್, 2 ಡಿಗ್ರಿವರೆಗಿನ ತಿರುವಿಗೆ ಮಾತ್ರ. ಲೈನ್ ತಿರುಗುವ ಕಡೆ ಸರಗಳು ತಂತಿಯ ಜೊತೆ ಅಡ್ಡಡ್ಡ ಮಲಗಿರುತ್ತವೆ, ಈ ಕಡೆಯ ತಂತಿಯಿಂದ ಆ ಕಡೆಗೆ ಕ್ರಾಸ್ ಆರ್ಮಿನ, ಎಂದರೆ ಟವರಿನ ಚಾಚಿದ ಕೈಯ, ಕೆಳಗೆ ಜಂಪರ್ ಎಂಬ ಜೋಡಣೆ ತಂತಿ ಬಳುಕಿಕೊಂಡು ಹೋಗುತ್ತದೆ. 15 ಡಿಗ್ರಿವರೆಗೆ ಬಿ, 30ರವರೆಗೆ ಸಿ, 60ರವರೆಗೆ ಡಿ. ಹೆಚ್ಚು ತಿರುವಿನ ಟವರ್ ಹೆಚ್ಚು ದಪ್ಪ, ಕಾಲುಗಳೂ ಹೆಚ್ಚು ಅಗಲ. ಎಷ್ಟು ಭಾರ ಹೊರುತ್ತಿದೆ ಎಂಬುದು ಅದರ ನಿಲುವಿನಲ್ಲೇ ಕಾಣುತ್ತದೆ. ಅಲಂಕಾರಕ್ಕೆಂದು ಹಾಕಿದ ಒಂದು ಕಬ್ಬಿಣದ ಪಟ್ಟಿಯೂ ಅದರಲ್ಲಿಲ್ಲ.

ತಂತಿಯ ಜೋತು ಕೂಡ ಹಾಗೆಯೇ. 400 ಕೆ.ವಿ. ಲೈನಿನಲ್ಲಿ ಸಾಮಾನ್ಯವಾಗಿ ಬಳಸುವ ಮೂಸ್ ಎಂಬ ತಂತಿ ಮೀಟರಿಗೆ ಸುಮಾರು 2 ಕೆ.ಜಿ. ತೂಗುತ್ತದೆ. ಎರಡು ಟವರುಗಳ ನಡುವಿನ 400 ಮೀಟರಿಗೆ ಒಂದೊಂದು ತಂತಿಯೂ 800 ಕೆ.ಜಿ. ಅಷ್ಟು ಭಾರ ಹೊತ್ತು ಹನ್ನೆರಡು ಮೀಟರಿನಷ್ಟು ಕೆಳಗೆ ಬಾಗಿರುತ್ತದೆ. ಎಳೆತ ಅಷ್ಟೇ ಇಟ್ಟು ಅಂತರ ಎರಡರಷ್ಟು ಮಾಡಿದರೆ ಜೋತು ನಾಲ್ಕರಷ್ಟಾಗುತ್ತದೆ. ತಂತಿ ಎಷ್ಟೇ ಕಾದು ಇಳಿದರೂ ನೆಲದಿಂದ 8.84 ಮೀಟರ್ ಬಿಟ್ಟಿರಲೇಬೇಕು ಎಂಬುದು ಲೆಕ್ಕ. ಆ ಬಾಗನ್ನು ಯಾವ ಚಿತ್ರಗಾರನೂ ಬರೆದದ್ದಲ್ಲ. ತೂಕ, ಎಳೆತ, ಶಾಖ ಸೇರಿ ಬರೆದದ್ದು. ಅದಕ್ಕೇ ಸಾಲುಸಾಲಾಗಿ ಒಂದೇ ಬಾಗು ಮರುಕಳಿಸುವುದು ಕಣ್ಣಿಗೆ ಹಿತ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ಒಡಿಶಾದ ತಾಲ್ಚೇರಿನಿಂದ ಸುಮಾರು 1,370 ಕಿ.ಮೀ. ಬಂದು ಕೋಲಾರದಲ್ಲಿ ಮುಗಿಯುವ ±500 ಕೆ.ವಿ. ಡಿ.ಸಿ. (ಏಕಮುಖ ವಿದ್ಯುತ್) ಲೈನ್, 2003ರಿಂದ ಚಾಲೂ ಇರುವುದು. ಉಳಿದ ಲೈನುಗಳಲ್ಲಿ ಮೂರು ಫೇಸಿನ ತಂತಿಗಳು ಮೂರರ ಲೆಕ್ಕದಲ್ಲಿ ಇರುತ್ತವೆ. ಇದರಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ ಕೈ, ಒಂದೊಂದರಲ್ಲೂ ನಾಲ್ಕು ತಂತಿಗಳ ಕಟ್ಟು. ಟವರುಗಳಲ್ಲಿ ಇಷ್ಟು ಸರಳವಾದ ಆಕೃತಿ ಬೇರೆ ಇಲ್ಲ. ಜಿಲ್ಲೆಯ ಮಕ್ಕಳು ಇದನ್ನು ಗುರುತಿಸಲು ಕಲಿಯಬೇಕು ಎಂಬುದು ನಮ್ಮ ಆಸೆ.

ಈಗ ತಮ್ಮ ಮೇಜಿನ ವಿಷಯ. ಸರ್ವೆ ಮುಗಿದು ಗೂಟ ಹೊಡೆದ ಮೇಲೆ ಒಬ್ಬ ರೈತರು ತಕರಾರು ತರುತ್ತಾರೆ: ಟವರ್ ನನ್ನ ಬೋರ್‌ವೆಲ್ ಪಕ್ಕಕ್ಕೇ ಬಂದಿದೆ, ಇಪ್ಪತ್ತು ಮೀಟರ್ ಆಚೆ ಹಾಕಿ. ಇಪ್ಪತ್ತು ಮೀಟರ್ ತಾನೇ ಎಂದು ಒಪ್ಪಿಗೆ ಸಿಗುತ್ತದೆ. 400 ಮೀಟರ್ ಅಂತರದ ಸಾಲಿನಲ್ಲಿ ಒಂದು ಟವರ್ 20 ಮೀಟರ್ ಪಕ್ಕಕ್ಕೆ ಹೋದರೆ ಅಲ್ಲಿ ಸುಮಾರು 5.7 ಡಿಗ್ರಿ ತಿರುವು ಬೀಳುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಿಂದಿನ ಟವರಿನಲ್ಲಿ 2.9, ಮುಂದಿನದರಲ್ಲಿ 2.9. ಮೂರೂ 2 ಡಿಗ್ರಿ ದಾಟಿದವು. ಎಂದರೆ ಮೂರೂ ಎ ಟೈಪಿನಿಂದ ಬಿ ಟೈಪ್ ಆಗಬೇಕು: ಹೆಚ್ಚು ಉಕ್ಕು, ದೊಡ್ಡ ಪಾಯ, ಅಗಲ ಕಾಲು. ಒಬ್ಬರ ಹೊಲದಲ್ಲಿ ಉಳಿಸಿದ ಜಾಗಕ್ಕೆ ಪಕ್ಕದ ಇಬ್ಬರು ರೈತರು ತಮ್ಮ ನೆಲ ಕೊಡಬೇಕಾಗುತ್ತದೆ. ತಿರುವು ಹೆಚ್ಚಿದಷ್ಟೂ ತಂತಿ ಟವರನ್ನು ಪಕ್ಕಕ್ಕೆ ಜಗ್ಗುತ್ತದೆ. 30 ಡಿಗ್ರಿಯಲ್ಲಿ ಆ ಜಗ್ಗು ತಂತಿಯ ಎಳೆತದ ಅರ್ಧಕ್ಕಿಂತ ಹೆಚ್ಚು, 60ರಲ್ಲಿ ಪೂರ್ತಿ ಎಳೆತದಷ್ಟು. ಇಂಥ ನಾಲ್ಕಾರು ಒಪ್ಪಿಗೆ ಸೇರಿದರೆ ಬಾಣದಂತೆ ಹೋಗಬೇಕಾದ ಲೈನ್ ಅಂಕುಡೊಂಕಾಗುತ್ತದೆ. ನೋಡಿದವರು ಟವರಿನಿಂದ ಊರಿನ ಅಂದ ಕೆಟ್ಟಿತು ಅನ್ನುತ್ತಾರೆ. ಕೆಡಿಸಿದ್ದು ಆ ಡೊಂಕು.

ಆದ್ದರಿಂದ ನಮ್ಮ ಮುಖ್ಯ ಕೋರಿಕೆ ಇದು. ಅಂಥ ಕಡತ ಬಂದಾಗ ಎಂಜಿನಿಯರನ್ನು ಮೊದಲು ಹೀಗೆ ಕೇಳಿ: ಈ ಟವರನ್ನು ಸಾಲಿನ ಮೇಲೆಯೇ ಹಿಂದಕ್ಕೋ ಮುಂದಕ್ಕೋ ಸರಿಸಬಹುದೇ? ಇಪ್ಪತ್ತು ಮೂವತ್ತು ಮೀಟರ್ ಹಾಗೆ ಸರಿಸಿದರೆ ತಿರುವು ಬೀಳುವುದೇ ಇಲ್ಲ. ಒಂದು ಕಡೆ ಅಂತರ ಹೆಚ್ಚಿ ಜೋತು ಇಳಿದರೆ ಟವರಿನ ಬುಡಕ್ಕೆ 3 ಅಥವಾ 6 ಮೀಟರ್ ಎತ್ತರ ಕೂಡಿಸುವ ಭಾಗಗಳು ವಿನ್ಯಾಸದಲ್ಲೇ ಇರುತ್ತವೆ. ಬೋರ್‌ವೆಲ್, ಕೃಷಿಹೊಂಡ, ಬದುವಿನ ಬಹಳಷ್ಟು ತಕರಾರುಗಳು ಇಷ್ಟರಲ್ಲೇ ತೀರುತ್ತವೆ. ಅದಕ್ಕಿಂತ ಒಳ್ಳೆಯದೆಂದರೆ ವಿವರವಾದ ಸರ್ವೆ ಮುಗಿದು, ಟವರ್ ಜಾಗಗಳನ್ನು ನೆಲದ ಮೇಲೆ ಖಚಿತ ಮಾಡುವ ಚೆಕ್ ಸರ್ವೆ ಶುರುವಾಗುವ ನಡುವೆ, ಒಂದು ಗುದ್ದಲಿಯೂ ಬೀಳುವ ಮೊದಲು, ಪ್ರತಿ ಊರಿನಲ್ಲಿ ನಕ್ಷೆ ಹರಡಿಕೊಂಡು ರೈತರ ಜೊತೆ ಕೂರುವುದು. ಪಾಯ ತೋಡಿದ ಮೇಲೆ ಯಾವ ಕಡೆಗೆ ಸರಿಸುವುದೂ ಕಷ್ಟ.

ಪರಿಹಾರದ ಹಣವೂ ಪಾಯಕ್ಕೆ ಮುಂಚೆ ಕೈಸೇರಬೇಕು. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿಯಲ್ಲಿ ಟವರ್ ಬುಡಕ್ಕೆ ಭೂಮಿಯ ಬೆಲೆಯ ಶೇ 85, ತಂತಿ ಹಾಯುವ ಪಟ್ಟಿಗೆ ಶೇ 15ರ ಮಿತಿ ಇತ್ತು. 2024ರ ಜೂನಿನದರಲ್ಲಿ ಅದು ಶೇ 200 ಮತ್ತು ಶೇ 30. ಜಿಲ್ಲೆಯಲ್ಲಿ ತೀರ್ಮಾನ ಮಾಡುವಾಗ ಹೊಸದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ತಂತಿಯ ಕೆಳಗೆ ತೆಂಗು ಇಡುವಂತಿಲ್ಲ, ಮಾವನ್ನು ಎತ್ತರಕ್ಕೆ ಬಿಡುವಂತಿಲ್ಲ. ಅಂಥ ನೆಲಕ್ಕೆ ಹಣ ಬಾರದೆ ರೈತರಿಗೆ ಲೈನಿನ ಚಂದ ಹೇಳುವುದು ತಪ್ಪು.

ಬೆಟ್ಟದ ಬಗ್ಗೆ ಒಂದು ಮಾತು. ಹೊಸ ಟವರಿನ ಸತುವಿನ ಲೇಪ ಒಂದೆರಡು ವರ್ಷ ಥಳಥಳಿಸುತ್ತದೆ, ಆಮೇಲೆ ಮಾಸಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಂತರಗಂಗೆಯ ಬಂಡೆಗಳದೂ ಹೆಚ್ಚುಕಡಿಮೆ ಅದೇ ಬಣ್ಣ. ಬೆಟ್ಟದ ತಪ್ಪಲಿನಲ್ಲಿ ಹೋದ ಲೈನ್ ಬಂಡೆಯ ಹಿನ್ನೆಲೆಯಲ್ಲಿ ಕರಗುತ್ತದೆ. ನೆತ್ತಿಯ ಮೇಲೆ ಹತ್ತಿಸಿದರೆ ಹತ್ತು ಊರಿಗೆ ಕಾಣುತ್ತದೆ, ಸಿಡಿಲಿಗೂ ಗಾಳಿಗೂ ಹೆಚ್ಚು ಒಡ್ಡಿಕೊಳ್ಳುತ್ತದೆ. ಇನ್ನು ಬಯಲಿನಲ್ಲಿ, ಕೆರೆ ಅಂಗಳದ ಆಚೆ, ಟೊಮೆಟೊ ಹೊಲಗಳ ಮೇಲೆ, ಆಕಾಶದ ಎದುರಿಗೆ ಅದು ಧಾರಾಳವಾಗಿ ಕಾಣಲಿ. ಅಲ್ಲಿ ಬಚ್ಚಿಡುವ ಅಗತ್ಯವಿಲ್ಲ. 1920ರ ದಶಕದ ಕೊನೆಯಲ್ಲಿ ಬ್ರಿಟನ್ನಿನವರು ದೇಶವ್ಯಾಪಿ ಗ್ರಿಡ್ಡಿಗೆ ಟವರಿನ ಆಕಾರ ಆರಿಸುವಾಗ ರೆಜಿನಾಲ್ಡ್ ಬ್ಲೋಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿಯ ಅಭಿಪ್ರಾಯ ಪಡೆದರು. ಅಂದದ ಪ್ರಶ್ನೆ ಈ ಕೆಲಸದಲ್ಲಿ ಮೊದಲಿನಿಂದಲೂ ಇದೆ.

ಚಂದ ಕೆಟ್ಟ ಕಡೆ ಸಾಮಾನ್ಯವಾಗಿ ಟವರಿನ ಆರೋಗ್ಯವೂ ಕೆಟ್ಟಿರುತ್ತದೆ. ಕೆಳಗಿನ ಸಣ್ಣ ಅಡ್ಡಪಟ್ಟಿಗಳನ್ನು ಗುಜರಿಗೆಂದು ಬಿಚ್ಚಿಕೊಂಡು ಹೋಗುವುದು ನಡೆದೇ ಇದೆ. ಪಟ್ಟಿ ಚಿಕ್ಕದು, ಟವರ್ ನಿಂತೇ ಇದೆ, ಏನಾಯಿತು ಅನ್ನಿಸುತ್ತದೆ. ಕಾಲಿನ ಆಂಗಲ್ ಬಾಗದಂತೆ ನಡುವೆ ಹಿಡಿದಿರುವುದು ಆ ಪಟ್ಟಿಯೇ. ಅದು ಹೋದರೆ ಆಧಾರವಿಲ್ಲದ ಉದ್ದ ಎರಡರಷ್ಟಾಗುತ್ತದೆ, ಸಪೂರ ಆಂಗಲ್ ಆದರೆ ಬಾಗುವುದನ್ನು ತಡೆಯುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಬಿರುಗಾಳಿಯ ದಿನ ಟವರ್ ಮಡಚಿ ಬೀಳುವುದು ಆ ಜಾಗದಲ್ಲೇ. ಬುಡದಲ್ಲಿ ಕಾಂಕ್ರೀಟ್ ಕಂಬದ ತಲೆ ನೆಲದ ಮೇಲೆ ಕಾಣಬೇಕು, ನೀರು ಜಾರಿ ಹೋಗುವ ಹಾಗೆ ಇಳಿಜಾರಾಗಿರಬೇಕು. ಮಣ್ಣು ಏರಿಸಿ ಮುಚ್ಚಿದರೆ ಉಕ್ಕು ತುಕ್ಕು ಹಿಡಿಯುವುದು ಸರಿಯಾಗಿ ಮಣ್ಣಿನ ಗೆರೆಯಲ್ಲಿ. ನಾಲ್ಕು ಕಾಲುಗಳ ನಡುವೆ ರಾಗಿ ಹುಲ್ಲಿನ ಮೆದೆ ಹಾಕುವುದು ಇನ್ನೂ ಅಪಾಯ. ಬೆಂಕಿ ಬಿದ್ದರೆ ಹೊಗೆ, ಶಾಖದ ಮೂಲಕವೇ ತಂತಿಯಿಂದ ಕಿಡಿ ಹಾರಬಹುದು.

ಇನ್ನೂ ಚಿಕ್ಕದೊಂದಿದೆ. ತಂತಿಯನ್ನು ಸರಕ್ಕೆ ಹಿಡಿದಿಡುವ ಕ್ಲ್ಯಾಂಪಿನಿಂದ ಒಂದು ಮೀಟರಿಗೆ ಚೂರು ಆಚೆ, ತಂತಿಯ ಕೆಳಗೆ, ಎರಡು ತುದಿಗೂ ಗುಂಡಿದ್ದ ಡಂಬಲ್ಲಿನಂಥದ್ದು ತೂಗುತ್ತಿರುತ್ತದೆ. ಅಮೆರಿಕದ ಎಂಜಿನಿಯರ್ ಸ್ಟಾಕ್‌ಬ್ರಿಡ್ಜ್ 1920ರ ದಶಕದಲ್ಲಿ ರೂಪಿಸಿದ, ತಂತಿಯ ನಡುಕ ತಗ್ಗಿಸುವ ಡ್ಯಾಂಪರ್ ಇದು. ತಂತಿಯನ್ನು ಸವೆಸುವುದು ಬಿರುಗಾಳಿಗಿಂತ ಹೆಚ್ಚಾಗಿ ಸೆಕೆಂಡಿಗೆ ಒಂದರಿಂದ ಏಳು ಮೀಟರ್ ಬೀಸುವ ಸಮನಾದ ಮೆಲುಗಾಳಿ. ಅದು ತಂತಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗಿಸಿ, ಕ್ಲ್ಯಾಂಪಿನೊಳಗೆ ಎಳೆಗಳನ್ನು ಒಂದೊಂದಾಗಿ ಮುರಿಯುತ್ತದೆ. ಡ್ಯಾಂಪರಿನ ಗುಂಡು ಜೋಲುಬಿದ್ದಿದ್ದರೆ, ತನ್ನ ಜಾಗ ಬಿಟ್ಟು ಜಾರಿದ್ದರೆ, ದಾರಿಹೋಕರ ಕಣ್ಣಿಗೂ ಅದು ಸೊಟ್ಟಗೆ ಕಾಣುತ್ತದೆ. ಟವರಿನ ನಂಬರ್ ಪ್ಲೇಟು ಓದಲು ಬಂದರೆ ಯಾರು ಬೇಕಾದರೂ ತಿಳಿಸಬಹುದು. ಆ ಪ್ಲೇಟಿನ ಮೇಲೆ ಫ್ಲೆಕ್ಸ್ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಿ. ಹುಟ್ಟುಹಬ್ಬದ ಶುಭಾಶಯಕ್ಕೆ ಟವರ್ ಏರುವವರ ಜೀವದ ಪ್ರಶ್ನೆಯೂ ಅದರಲ್ಲಿದೆ.

ಕೊನೆಯದಾಗಿ ಕೆಜಿಎಫ್. 1902ರ ಜೂನಿನಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ದೂರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಈಗಿನ ಒಂದು ಲೈನ್ ಚೆನ್ನಾಗಿ ಕಾಣುವಂಥ ಕಡೆ, ರಸ್ತೆ ಪಕ್ಕದಲ್ಲಿ, ತಂತಿ ಹಾಯುವ ಪಟ್ಟಿಯಿಂದ ಹೊರಗೆ, ಇದನ್ನು ಕನ್ನಡದಲ್ಲಿ ಹೇಳುವ ಒಂದು ಫಲಕ ಹಾಕಿಸಿ. ಅದರ ಕೆಳಗೆ ಡಿಸ್ಕು ಎಣಿಸುವ ಲೆಕ್ಕವನ್ನೂ ಬರೆಸಿ. ಟವರ್ ಕಾಲುಗಳ ಪರಿಶೀಲನೆಯಂತೂ ಅಶ್ವಿನಿ, ಭರಣಿ ಮಳೆಯ ಗಾಳಿ ಏಳುವ ಮುಂಚೆ, ಮಾರ್ಚ್ ಒಳಗೆ ಮುಗಿಯಬೇಕು.

ಇಂತಿ,
ಲೈನ್ ಕೆಲಸ ಬಲ್ಲ ಕೋಲಾರ ಜಿಲ್ಲೆಯ ಕೆಲವರು