ಹೊಳೆಯ ದಂಡೆಗೆ ಬುಡದಿಂದ ಭದ್ರತೆ ಬೇಕು

ಮಾನ್ಯರೇ,

ನಾಗಮಂಗಲದ ಕಡೆಯಿಂದ ಹರಿದು ಬಂದು ಕರೀಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿ, ಬೇಸಿಗೆಯಲ್ಲಿ ನೋಡಿದವರಿಗೆ ಹೊಳೆಯೆಂದೇ ಅನ್ನಿಸುವುದಿಲ್ಲ. ಆದರೆ ನಮ್ಮೂರಿನ ಸಮೀಪ ಅದು ಎಡಕ್ಕೆ ಬಾಗುವಲ್ಲಿ ಬಲದಂಡೆ ಪ್ರತಿ ಮಳೆಗಾಲದಲ್ಲೂ ಕುಸಿಯುತ್ತಾ ಬಂದು, ಈಗ ಸೇತುವೆಯ ಕೂಡುರಸ್ತೆಯ ಡಾಂಬರಿನ ಅಂಚು ಕೆಳಗೆ ಮಣ್ಣಿಲ್ಲದೆ ಚಾಚಿಕೊಂಡಿದೆ. ಕುಡಿಯುವ ನೀರಿನ ಪೈಪು ಏಳೆಂಟು ಅಡಿ ಉದ್ದ ಆಸರೆಯಿಲ್ಲದೆ ತೂಗುತ್ತಿದೆ. ಪಕ್ಕದ ವಿದ್ಯುತ್ ಕಂಬ ವಾಲಿದ್ದು, ನೆಲದ ಬಲಕ್ಕಿಂತ ತಂತಿಯ ಬಿಗಿತದಿಂದಲೇ ನಿಂತಂತಿದೆ.

ದಂಡೆ ಕುಸಿಯುವುದು ಪ್ರವಾಹ ಏರಿದಾಗ ಎಂದು ಹಲವರು ಭಾವಿಸುತ್ತಾರೆ. ನಾನು ಕಂಡಂತೆ ಹೆಚ್ಚಿನ ಕುಸಿತ ಆಗುವುದು ನೀರು ಇಳಿದ ಮರುದಿನ, ಕೆಲವೊಮ್ಮೆ ಬಿಸಿಲು ಬಿದ್ದ ಮೇಲೆ. ತುಂಬಿ ಹರಿಯುವಾಗ ದಂಡೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಹೊಳೆಯ ನೀರು ಹೊರಗಿನಿಂದ ಅದನ್ನು ಒತ್ತಿ ಹಿಡಿದಿರುತ್ತದೆ. ಆ ಒತ್ತಡ ಥಟ್ಟನೆ ಇಳಿದಾಗ, ಅಷ್ಟರಲ್ಲೇ ಬುಡ ಕೊರೆದುಹೋಗಿರುವ ದಂಡೆ ಹೋಳು ಹೋಳಾಗಿ ಜಾರುತ್ತದೆ. ಆದ್ದರಿಂದ ರೋಗವಿರುವುದು ಬುಡದಲ್ಲಿ.

ಎರಡು ವರ್ಷದ ಹಿಂದೆ ಇಲ್ಲಿ ನಡೆದ ದುರಸ್ತಿ ಬುಡವನ್ನು ಮುಟ್ಟಲೇ ಇಲ್ಲ. ಮೊದಲು ಟಿಪ್ಪರ್‌ಗಳಲ್ಲಿ ಕಟ್ಟಡದ ತ್ಯಾಜ್ಯ ತಂದು ಸುರಿದರು, ಅದು ಮೊದಲ ನೆರೆಗೇ ಹೋಯಿತು. ಬಳಿಕ ಕಟ್ಟಿದ ತೆಳು ಕಾಂಕ್ರೀಟ್ ಗೋಡೆಯ ಅಡಿಪಾಯ ಮರಳಿನಲ್ಲಿ ಎರಡಡಿಯಷ್ಟೇ ಇಳಿದಿತ್ತು. ಹಿಂದಿನ ಮಣ್ಣಿನ ನೀರು ಬಸಿಯಲು ಒಂದು ತೂತೂ ಇರಲಿಲ್ಲ. ಗೋಡೆ ಬಿರುಕು ಬಿಟ್ಟು ಮುಂದಕ್ಕೆ ಬಾಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ನುಣುಪು ಗೋಡೆಯಿಂದ ವೇಗ ಪಡೆದ ನೀರು ಕೆಳಗಿನವರ ತೆಂಗಿನ ತೋಟವನ್ನು ಕೊರೆಯಿತು. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ ಎಂಬುದು ಎಂಜಿನಿಯರಿಂಗ್ ಓದಿದವರಿಗೆ ಹೊಸ ವಿಷಯವಲ್ಲ.

ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆ ಇಂದಿಗೂ ನಿಂತಿದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಕಾವೇರಿಗೆ ಅಲ್ಲಿ ಬಂಡೆಯ ತಳವಿದೆ. ನಮ್ಮ ಹೊಳೆಗೆ ಆ ಭಾಗ್ಯವಿಲ್ಲ, ಇದ್ದ ಮರಳನ್ನೂ ತೆಗೆದು ಪಾತ್ರವನ್ನು ಇನ್ನಷ್ಟು ಆಳ ಮಾಡಿದ್ದೇವೆ. ಸೇತುವೆಯ ಹತ್ತಿರ ಮರಳು ತೆಗೆಯುವುದು ನಿಲ್ಲದೆ ಯಾವ ಕಾಮಗಾರಿಯೂ ಬಾಳದು.

ಪಾತ್ರದ ತಳಕ್ಕಿಂತ ಕೆಳಗಿನಿಂದಲೇ ದಪ್ಪ ಕಲ್ಲುಗಳನ್ನು, ಇಲ್ಲವೇ ತಂತಿಬಲೆಯ ಪೆಟ್ಟಿಗೆಯಲ್ಲಿ ತುಂಬಿದ ಕಲ್ಲುಗಳನ್ನು ಜೋಡಿಸಿ, ದಂಡೆಯನ್ನು ಇಳಿಜಾರಾಗಿ ತಿದ್ದಿ, ಮೇಲ್ಭಾಗದಲ್ಲಿ ಲಾವಂಚ, ಲಕ್ಕಿ, ಹೊಂಗೆ, ಹೊಳೆಮತ್ತಿ ನೆಡುವುದು ಹೆಚ್ಚು ಬಾಳಿಕೆಯ ದಾರಿ. ಕಲ್ಲುಗಳ ನಡುವೆ ನೀರು ಬಸಿಯುತ್ತದೆ, ತಳ ಕುಗ್ಗಿದರೆ ಕಲ್ಲೂ ಅದರೊಡನೆ ಕೂರುತ್ತದೆ. ಲಾವಂಚದ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಆದರೆ ಗಿಡ ಬೇರೂರಲು ಕಾಲ ಬೇಕು. ಟೆಂಡರ್ ಮುಗಿದು ಆಗಸ್ಟ್‌ನಲ್ಲಿ ಕೆಲಸ ಆರಂಭಿಸುವ ಪದ್ಧತಿ ಇಲ್ಲಿ ನಡೆಯದು. ಕಲ್ಲಿನ ಕೆಲಸ ಬೇಸಿಗೆಯಲ್ಲೇ ಮುಗಿದು, ಮುಂಗಾರಿನ ಮೊದಲ ಹದಮಳೆಗೆ ಸಸಿ ನೆಟ್ಟಿರಬೇಕು.

ಅದಕ್ಕೆ ಮುನ್ನ ಆ ವಿದ್ಯುತ್ ಕಂಬವನ್ನಾದರೂ ಹಿಂದಕ್ಕೆ ಸರಿಸಿ, ಕೂಡುರಸ್ತೆಯಲ್ಲಿ ಕಬ್ಬು ತುಂಬಿದ ಲಾರಿಗಳ ಸಂಚಾರವನ್ನು ತಡೆಯಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಶಾಲೆಯ ಮಕ್ಕಳ ವಾಹನವೂ ದಿನಕ್ಕೆರಡು ಬಾರಿ ಅದೇ ಅಂಚಿನಲ್ಲಿ ಹಾದುಹೋಗುತ್ತಿದೆ.

ಇಂತಿ,
ಒಬ್ಬ ರೈತ, ಶ್ರೀರಂಗಪಟ್ಟಣ ತಾಲ್ಲೂಕು